ಕೆಂಚನೂ ಹುಳುಮನೆ ಡಬ್ಬಿಯೂ

ಬನ್ರಪ್ಪಾ, ಹತ್ರ ಬನ್ನಿ. ನಗು ಬಂದ್ರೆ ಜೋರಾಗಿ ನಗಿ. ಮಧ್ಯ ಬಾಯಿ ಹಾಕಿದ್ರೋ, ಕತೆ ಅಲ್ಲೇ ಬಿಟ್ಟು ಎದ್ದು ಹೋಗ್ತೀನಿ, ಹೇಳಿದೀನಿ!

ಚಿಕ್ಕತಾಯಮ್ಮ ಅಂತ ಒಬ್ಬಳು, ರೇಷ್ಮೆ ಹುಳು ಸಾಕ್ತಿದ್ಲು. ಅವಳಿಗೊಬ್ಬನೇ ಮಗ, ಕೆಂಚ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದಷ್ಟೇ ಮಾಡೋನು. ಹೋದ ಬೆಳೇಲಿ ಸೆಕೆ ಏರ್ತು. "ಓಡಿ ಹೋಗಿ ಹುಳುಮನೇಲಿ ಫ್ಯಾನ್ ಹಾಕೋ" ಅಂದ್ಲು ಅವ್ವ. ಹಾಕಿದ. ತನ್ನ ಕಡೆ ತಿರುಗಿಸ್ಕೊಂಡು ತಣ್ಣಗೆ ಕೂತ. ಹುಳು ಅಷ್ಟೂ ಸತ್ತೋದ್ವು.

"ಈ ಬೆಳೇನೂ ಕೈಕೊಟ್ರೆ ಹುಳುಮನೆಗೆ ಬೀಗ ಜಡಿಯೋದೇ ಕಣೋ!" ಅಂತ ಅವ್ವ ಹಣೆ ಚಚ್ಚಿಕೊಂಡ್ಲು.

ಆಗ ಪಕ್ಕದ ಬೀದಿ ಸೊಸೆ ಸುಗುಣ, ಓದಿದೋಳು, ಊರಿನ ಬೇರೆ ಹುಳುಮನೆಗಳಿಗೆ ಹಾಕಿದಂಗೇ ಇಲ್ಲಿಗೂ ಬೆಂಕಿಪೊಟ್ಟಣದಷ್ಟು ಡಬ್ಬಿ ತಂದು ಗೋಡೆಗೆ ತಗುಲಿಹಾಕಿದ್ಲು. "ಅತ್ತೆ, ಇದು ಬಿಸಿ ನೋಡುತ್ತೆ, ತೇವ ನೋಡುತ್ತೆ. ಸೆಕೆ ಏರಿದ್ರೆ ತಾನೇ ಫ್ಯಾನ್ ಹಾಕುತ್ತೆ."

"ಇಷ್ಟೇ ಇಷ್ಟಿದೆ, ಅಷ್ಟೊಂದು ಬುದ್ಧಿ ಎಲ್ಲಿಂದ ಬಂತೇ ಇದಕ್ಕೆ?"

"ಒಳಗೆ ಆಪರೇಟಿಂಗ್ ಸಿಸ್ಟಮ್ ಇದೆ ಅತ್ತೆ, ಡಬ್ಬಿ ಕೆಲಸ ಎಲ್ಲಾ ನಡೆಸೋ ಬರಹ. ಫೋನಲ್ಲಿರುತ್ತಲ್ಲ, ಹಂಗೇ. ಇದು ಪುಟಾಣಿ ಡಬ್ಬಿಗೆ ಅಂತ್ಲೇ ಮಾಡಿರೋ ಪುಟಾಣಿದು. ಇದಕ್ಕೆ ಒಬ್ಬ ಯಜಮಾನ ಅಂತಿಲ್ಲ. ದೇಶದೇಶದೋರು ಸೇರಿ ಬರೆದು ಎಲ್ರಿಗೂ ಬಿಟ್ಟವ್ರೆ. ಯಾರು ಬೇಕಾದ್ರೂ ಓದ್ಬೋದು, ತಪ್ಪಿದ್ರೆ ತಿದ್ಬೋದು. ನಾನೂ ನಮ್ಮ ಹುಳುಗಳಿಗೆ ತಕ್ಕಂಗೆ ತಿದ್ದಿದೀನಿ. ಕೆಲಸ ಇಲ್ದಾಗ ಮಲಗಿರುತ್ತೆ, ಕೆಲಸ ಬಂದಾಗ ಏಳುತ್ತೆ. ಹಂಗಾಗಿ ಒಂದು ಸಣ್ಣ ಬ್ಯಾಟರಿ ವರ್ಷಗಟ್ಲೆ ಬರುತ್ತೆ."

"ನೋಡೋ ಕೆಂಚ! ಅಷ್ಟು ಚಿಕ್ಕ ತಲೇಲಿ ಅಷ್ಟಿದೆ! ನೀನೂ ಅದರಂಗಿರೋ!"

"ಅಷ್ಟೇ ತಾನೇ ಅವ್ವಾ? ಇನ್ಮೇಲೆ ನಾನು ಡಬ್ಬಿನೇ!"

ಮಾರನೇ ಬೆಳಗ್ಗೆ ಅವ್ವ ಅವನನ್ನ ಹುಳು ಮೇಯೋ ಸೊಪ್ಪಿನ ರಾಶಿಗೆ ಹಸು ಬಾಯಿ ಹಾಕದಂಗೆ ಕಾಯೋಕೆ ಕೂರಿಸಿದ್ಲು. ಹಸು ಬರಲಿಲ್ಲ. ಕೆಲಸ ಇಲ್ಲ. ಕೆಂಚ ಮಲಗಿದ. ಆಮೇಲೆ ಹಸು ಬಂತು, ಸೊಪ್ಪೆಲ್ಲಾ ಮೇಯ್ತು, ಕೊನೆಗೆ ಕೆಂಚನ ಮುಖಾನೂ ನೆಕ್ತು. ಆಗ ಎದ್ದ ಮಹಾರಾಯ!

"ಅಯ್ಯೋ ನನ್ ಕರ್ಮವೇ! ಏನೋ ಮಾಡ್ದೆ?"

"ಡಬ್ಬಿ ಮಾಡಿದಂಗೇ ಮಾಡ್ದೆ ಕಣವ್ವ!"

"ಡಬ್ಬಿ ಗಳಿಗೆಗೊಂದ್ಸಲ ಎದ್ದು, ಕಂಡಿದ್ದನ್ನ ಕಂಡಂಗೆ ಹೇಳುತ್ತೆ ಕಣೋ ಮಂಕೇ! ನೀನೂ ಹೇಳು!"

"ಹೇಳ್ತೀನಿ ಬಿಡವ್ವ! ಅದೇನ್ ಮಹಾ?"

ಆವತ್ತೇ ಅವ್ವನ ಅಣ್ಣ ಕರಿಗೌಡ ಬಂದ. ಹುಳು ಮೇದು ಬಲಿತು ಹಣ್ಣಾದ ಮೇಲೆ ಗೂಡು ಕಟ್ಟೋಕೆ ಚಂದ್ರಿಕೆ ಬೇಕಲ್ಲ, ಬಿದಿರಿನ ತಟ್ಟಿ? ಚಿಕ್ಕತಾಯಮ್ಮನವು ಗೆದ್ದಲು ತಿಂದು ಪುಡಿಯಾಗಿದ್ವು. ತನ್ನವನ್ನ ಕೊಡ್ತೀನಿ ಅಂತ ಹೇಳೋಕೆ ಬಂದಿದ್ದ ಪುಣ್ಯಾತ್ಮ. ಅವ್ವ ಹಿತ್ತಲ ಹುಳುಮನೇಲಿ. ಕೆಂಚ ಶುರು ಮಾಡ್ದ.

"ಅವ್ವಾ, ಮಾವ ಬಂದ! ಅವ್ವಾ, ಮಾವ ಕೂತ! ಅವ್ವಾ, ಒಣಗಾಕಿದ್ದ ಕಡ್ಲೆಕಾಯಿ ಜೇಬಿಗೆ ತುಂಬ್ಕೊತಾವ್ನೆ! ಅವ್ವಾ, ಇನ್ನೊಂದು ಜೇಬಿಗೂ!"

ಬೀದಿಗೆ ಬೀದಿಯೇ ಕೇಳಿಸ್ಕೊಂಡು ನಕ್ತು. ಕರಿಗೌಡ ಕೆಂಡಾಮಂಡಲ! "ಚಂದ್ರಿಕೆನೂ ಇಲ್ಲ, ಗಿಂದ್ರಿಕೆನೂ ಇಲ್ಲ! ಇನ್ನು ನಿಮ್ಮನೆ ಹೊಸ್ತಿಲು ತುಳಿಯಲ್ಲ!" ಅಂತ ಎದ್ದು ನಡೆದ.

"ಅವ್ವಾ, ಮಾವ ಹೋದ!"

ಅವ್ವ ಪೊರಕೆ ಹಿಡ್ಕೊಂಡೇ ಬಂದ್ಲು. "ಕಂಡಿದ್ದೆಲ್ಲಾ ಒದರ್ತಾರೇನೋ? ಹೆಚ್ಚುಕಮ್ಮಿ ಆದ್ರೆ ಮಾತ್ರ ಡಬ್ಬಿ ಬಾಯಿಬಿಡುತ್ತೆ! ಅದೂ ಕೂಗಾಡಲ್ಲ. ಸದ್ದಿಲ್ದೆ ಪಕ್ಕದ ಮನೆ ಡಬ್ಬಿಗೆ ಹೇಳುತ್ತೆ, ಅದು ಅದರ ಪಕ್ಕದ್ದಕ್ಕೆ. ಹಂಗೇ ಸುಗುಣನ ಫೋನಿಗೆ ಹೋಗುತ್ತೆ!"

"ಮೊದ್ಲೇ ಹೇಳಬಾರ್ದಾ? ಈಗ ಗೊತ್ತಾಯ್ತು!"

ಗೊತ್ತಾಯ್ತಂತೆ! ಕೇಳಿ ಮುಂದೆ. ಮಧ್ಯಾಹ್ನ ಒಲೆ ಮೇಲೆ ಅನ್ನ ಸೀಯೋಕೆ ಶುರುವಾಯ್ತು. ಹಿತ್ತಲಲ್ಲೇ ಅವ್ವ ಇದ್ಲು, ಒಂದು ಕೂಗು ಹಾಕಿದ್ರೆ ಸಾಕಿತ್ತು. ಕೆಂಚ ಕೂಗಲಿಲ್ಲ. ಪಕ್ಕದ ಮನೆಗೆ ಹೋಗಿ, "ನಮ್ಮನೇಲಿ ಅನ್ನ ಸೀಯ್ತೈತೆ, ನಿಮ್ಮ ಪಕ್ಕದೋರಿಗೆ ಹೇಳಿ" ಅಂದು ಬಂದ. ಅವರು ಅವರ ಪಕ್ಕದೋರಿಗೆ, ಅವರು ಇನ್ನೊಬ್ರಿಗೆ. ಸುದ್ದಿ ಊರು ಸುತ್ತಿ ಸುಗುಣನಿಗೆ ಮುಟ್ಟಿ, ಅವಳು ಏದುಸಿರು ಬಿಡ್ತಾ ಓಡಿಬಂದು ಅವ್ವನಿಗೆ ಹೇಳೋ ಹೊತ್ತಿಗೆ ಅನ್ನ ಇದ್ದಿಲಾಗಿತ್ತು. ಪಾತ್ರೆನೂ ತೂತು!

"ಅಯ್ಯೋ ನನ್ ಕರ್ಮವೇ!"

"ಡಬ್ಬಿ ಮಾಡಿದಂಗೇ ಮಾಡ್ದೆ ಕಣವ್ವ!"

ಸುಗುಣನಿಗೆ ನಗು ತಡೆಯೋಕಾಗಲಿಲ್ಲ. "ಬಿಡಿ ಅತ್ತೆ, ಬೈಬೇಡಿ. ಡಬ್ಬಿನೂ ಒಂದೊಂದ್ಸಲ ಸ್ತಬ್ಧ ಆಗ್ಬಿಡುತ್ತೆ. ಮಾತಿಲ್ಲ, ಉತ್ತರ ಇಲ್ಲ. ಆಗ ಹೊಟ್ಟೆ ಮೇಲಿರೋ ಗುಂಡಿ ಒತ್ತಿ ಹಿಡಿದ್ರೆ ಆಯ್ತು, ಹಳೇದೆಲ್ಲಾ ಮರೆತು ಹೊಸದಾಗಿ ಶುರು ಮಾಡುತ್ತೆ. ಕೆಂಚ, ನೀನು ಇದೊಂದು ಕಲಿತ್ಕೊಂಡ್ರೆ ಸಾಕು."

"ಕಲಿತೆ ಸುಗುಣಕ್ಕ!"

ಡಬ್ಬಿ ತಲೆ ಯಾರು ಬೇಕಾದ್ರೂ ತಿದ್ಬೋದಂತೆ. ಕೆಂಚನ ತಲೆ ತಿದ್ದೋಕೆ ಇಡೀ ಊರು ಸೇರಿದ್ರೂ ಆಗಲಿಲ್ಲ ನೋಡಿ!

ಹುಳು ಹಣ್ಣಾದ್ವು. ಸೊಪ್ಪು ಬಿಟ್ಟು ತಲೆ ಎತ್ತಿ ತೂಗಾಡ್ತಾವೆ, ಹತ್ತಿಸೋಕೆ ಚಂದ್ರಿಕೆ ಇಲ್ಲ! ಅವ್ವ ಕೆಂಚನ್ನ ಕರ್ಕೊಂಡು ಅಣ್ಣನ ಮನೆಗೆ ಓಡಿದ್ಲು. ಕರಿಗೌಡ ಬರಿಮೈಲಿ ಜಗಲಿ ಮೇಲೆ ಕೂತಿದ್ದ.

"ಅಣ್ಣಾ, ತಪ್ಪಾಯ್ತು. ಇವತ್ತು ಹತ್ತಿಸದಿದ್ರೆ ಬೆಳೆ ಹೋಯ್ತು. ಚಂದ್ರಿಕೆ ಕೊಡಣ್ಣಾ."

ಕರಿಗೌಡ ಮುಖ ಆ ಕಡೆ ತಿರುಗಿಸ್ಕೊಂಡ.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ."

ಊಹೂಂ. ಮಾತಿಲ್ಲ, ಉತ್ತರ ಇಲ್ಲ. ಅವ್ವನ ಕಣ್ಣಲ್ಲಿ ನೀರು.

"ಅಳಬೇಡವ್ವ, ಮಾವ ಸ್ತಬ್ಧ ಆಗವ್ನೆ ಅಷ್ಟೇ! ನಂಗೆ ಗೊತ್ತು!" ಅಂದ ಕೆಂಚ, ಮಾವನ ಹೊಕ್ಕುಳಿಗೆ ಬೆರಳಿಟ್ಟು ಒತ್ತಿ ಹಿಡಿದ!

"ಏಯ್! ಹಿಹಿಹಿ! ಬಿಡೋ! ಹೊಹೊಹೊ!"

"ಹಳೇದೆಲ್ಲಾ ಮರೆತ್ಯಾ ಮಾವ?"

"ಮರೆತೆ ಕಣೋ! ಹಿಹಿಹಿ! ಕಡ್ಲೆಕಾಯಿನೂ ಮರೆತೆ! ಬೆರಳು ತೆಗಿಯೋ! ಚಂದ್ರಿಕೆ ಅಷ್ಟೂ ಹೊತ್ಕೊಂಡು ಹೋಗೋ!"

ಹೊತ್ತು ತಂದ್ರು, ಹುಳು ಹತ್ತಿಸಿದ್ರು. ಡಬ್ಬಿ ತನ್ನ ಪಾಡಿಗೆ ತಾನು ಫ್ಯಾನ್ ಹಾಕ್ತು, ಆರಿಸ್ತು. ಕೆಲವು ದಿನ ಕಳೀತು. ಒಂದು ಬೆಳಗ್ಗೆ ಹುಳುಮನೆಯಿಂದ ಕೆಂಚನ ಕೂಗು.

"ಅವ್ವಾ, ಹುಳು ಅಷ್ಟೂ ಸ್ತಬ್ಧ! ಊಟ ಇಲ್ಲ, ಓಡಾಟ ಇಲ್ಲ! ಹೆದರಬೇಡ, ನಾನು ಒಂದೊಂದಾಗಿ ಒತ್ತಿ ಎಬ್ಬಿಸ್ತಾ ಇದೀನಿ!"

ಅವ್ವನ ಜೀವ ಬಾಯಿಗೆ ಬಂತು. ಓಡಿಹೋಗಿ ನೋಡಿದ್ರೆ, ಚಂದ್ರಿಕೆ ತುಂಬ ಬೆಳ್ಳನೆ ಗೂಡು. ಕೆಂಚ ಬೆರಳಲ್ಲಿ ಒತ್ತಿದ್ರೂ ತಗ್ಗದಷ್ಟು ಗಟ್ಟಿ ಗೂಡು. ಬೆಳೆ ಕೈಗೆ ಬಂದಿತ್ತು. ಹುಳುಮನೆಗೆ ಬೀಗ ಬೇಕಾಗಿರಲಿಲ್ಲ. ಸಂತೋಷಕ್ಕೆ ಅವ್ವ ಗೂಡನ್ನೇ ನೋಡ್ತಾ ನಿಂತಲ್ಲೇ ನಿಂತ್ಬಿಟ್ಲು.

"ಅವ್ವಾ?"

ಮಾತಿಲ್ಲ.

"ಅವ್ವೋ?"

ಉತ್ತರ ಇಲ್ಲ.

"ಅಯ್ಯೋ, ಅವ್ವನೂ ನಿಂತೋದ್ಲು! ಸುಗುಣಕ್ಕನ್ನ ಕರೆಯೋದೇ ಬೇಡ, ನಂಗೆ ಗೊತ್ತು!" ಅಂತ ಕೆಂಚ ಬೆರಳು ಚಾಚ್ಕೊಂಡು ಅವ್ವನ ಹೊಟ್ಟೆ ಕಡೆ ಬಂದ!

ಅವ್ವ ಮುಂದೆ, ಕೆಂಚ ಹಿಂದೆ, ಬೀದೀಲಿ ಓಟ. ಇನ್ನೂ ಓಡ್ತಾನೇ ಅವ್ರೆ. ನಾನು ಅವರಿಗೆ ದಾರಿ ಬಿಟ್ಟು ಇಲ್ಲಿಗೆ ಬಂದೆ.