ಜಪದ ಕಣಿವೆಯ ಹನ್ನೊಂದನೆಯ ಹುಣಸೆ

ಜೋಜಿಪಾಳ್ಯದಿಂದ ಕಲ್ಲುದೊಡ್ಡಿಗೆ ಹೋಗುವ ದಾರಿ ಎರಡು ಬಂಡೆಬೆಟ್ಟಗಳ ನಡುವೆ ನುಸುಳಿಕೊಂಡು ಹೋಗುತ್ತದೆ. ಸರ್ಕಾರದ ನಕ್ಷೆಯಲ್ಲಿ ಈ ಜಾಗದ ಹೆಸರು ಇಂದಿಗೂ ಕರಡಿಕಣಿವೆ. ಆ ಹೆಸರು ಹಿಡಿದು ದಾರಿ ಕೇಳಿದರೆ ಊರಿನವರು ನಿಮ್ಮನ್ನು ಜಮೀನು ಅಳೆಯಲು ಬಂದವರೆಂದು ತಿಳಿದು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಜಪದ ಕಣಿವೆ ಎಂದು ಕೇಳಿದರೆ ಜೊತೆಗೇ ಬಂದು ತೋರಿಸುತ್ತಾರೆ. ದಾರಿಯ ಎಡಬದಿಗೆ ಉದ್ದಕ್ಕೂ ಹಳೆಯ ಹುಣಸೆಮರಗಳ ಸಾಲಿದೆ. ಮೊದಲು ಮೂರು ಮರ, ಆಮೇಲೆ ಹತ್ತು ಹತ್ತರ ಗುಂಪು, ಗುಂಪು ಗುಂಪಿನ ನಡುವೆ ಸುಣ್ಣ ಬಳಿದ ಒಂದು ಕಲ್ಲು. ಕ್ರೈಸ್ತರ ಜಪಮಾಲೆ ಹಿಡಿದು ಬೆಳೆದವರಿಗೆ ಲೆಕ್ಕ ಕೂಡಲೇ ಹೊಳೆಯುತ್ತದೆ: ಮಣಿಗೊಂದು ಮರ. ಹುಣಸೆಮರದಲ್ಲಿ ದೆವ್ವವಿರುತ್ತದೆಂದು ಮಕ್ಕಳನ್ನು ಹೆದರಿಸುವ ಸೀಮೆಯಲ್ಲಿ, ಹೆದರಿಕೆ ಬಿಟ್ಟುಹೋದ ಜಾಗಕ್ಕೆ ಹುಣಸೆಯೇ ಗುರುತಾಗಿ ನಿಂತಿದೆ. ಆದರೆ ನಾಲ್ಕನೆಯ ಗುಂಪಿನಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಅಲ್ಲಿ ಹನ್ನೊಂದು ಮರಗಳಿವೆ.

ಹಿಂದೆ ಒಮ್ಮೆ, ಈ ಕಡೆಗೆ ರಸ್ತೆಯೂ ಆಸ್ಪತ್ರೆಯೂ ಇಲ್ಲದ ಕಾಲದಲ್ಲಿ, ಜೋಜಿಪಾಳ್ಯದಲ್ಲಿ ಕತ್ರಿನಮ್ಮ ಎಂಬ ಸೂಲಗಿತ್ತಿ ಇದ್ದಳು ಎನ್ನುತ್ತಾರೆ. ಹೊಟ್ಟೆಯಲ್ಲಿ ಅಡ್ಡಲಾಗಿ ಮಲಗಿದ ಕೂಸನ್ನು ಹರಳೆಣ್ಣೆ ನೀವಿ ನೇರಕ್ಕೆ ತಿರುಗಿಸುವ ಕೈ ಅವಳದು. ಅವಳ ಗಂಡ ಅರುಳಪ್ಪ ಸೌದೆಗೆ ಹೋದವನು ಕಣಿವೆಯ ನಡುವಿನ ಹಾಸುಬಂಡೆಯ ಹತ್ತಿರ ಕರಡಿಯನ್ನು ಕಂಡು ಓಡಿದ. ಓಡಿದ್ದೇ ತಪ್ಪಾಯಿತು. ನಮ್ಮವರ ಪದ್ಧತಿಯಂತೆ ಅವನ ಕೈಗೆ ಜಪಮಾಲೆ ಸುತ್ತಿ ಮಣ್ಣು ಮಾಡಿದರು. ಮನೆಯಲ್ಲಿದ್ದದ್ದು ಅದೊಂದೇ ಜಪಮಾಲೆ. ಅಂದಿನಿಂದ ಊರಿನವರು ಸಂತೆಯ ದಿನ ಗುಂಪು ಕಟ್ಟಿಕೊಂಡು, ತಮಟೆ ಬಡಿಯುತ್ತ ಮಾತ್ರ ಕಣಿವೆ ದಾಟುತ್ತಿದ್ದರು. ಕತ್ರಿನಮ್ಮ ಆ ಗುಂಪಿನಲ್ಲೂ ಹೋಗಲಿಲ್ಲ. ಆಚೆಯಿಂದ ಕರೆ ಬಂದರೆ ಮಂಡಿನೋವು ಎನ್ನುತ್ತಿದ್ದಳು. ಈಚೆಯ ಮನೆಗಳಿಗೆ ಕರೆದಾಗ ಆ ಮಂಡಿಗೆ ಏನೂ ಆಗಿರುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಅರುಳಪ್ಪನ ತಂಗಿ ಎಲಿಸಮ್ಮ ಕಲ್ಲುದೊಡ್ಡಿಗೆ ಸೊಸೆಯಾಗಿ ಹೋಗಿದ್ದಳು. ಅವಳ ಚೊಚ್ಚಲ ಕೂಸು ಅಡ್ಡ ತಿರುಗಿ ಹೊಟ್ಟೆಯಲ್ಲೇ ಸತ್ತಾಗಲೂ ಅತ್ತಿಗೆಯ ಮಂಡಿ ನೋಯುತ್ತಿತ್ತು. ನಾದಿನಿ ಒಂದು ಮಾತೂ ಆಡಲಿಲ್ಲವಂತೆ. ಆಡಿದ್ದರೆ ಚೆನ್ನಾಗಿತ್ತು ಎಂದು ಕತ್ರಿನಮ್ಮ ಮುಂದೆ ಹೇಳಿಕೊಳ್ಳುತ್ತಿದ್ದಳು.

ಮರುವರ್ಷ ಎಲಿಸಮ್ಮನಿಗೆ ಮತ್ತೆ ದಿನ ತುಂಬಿದ್ದು ಶುಭ ಶುಕ್ರವಾರದಂದು. ಊರಿನ ಗಂಡಸರೆಲ್ಲ, ಕಲ್ಲುದೊಡ್ಡಿಯ ನಾಲ್ಕು ಕ್ರೈಸ್ತ ಮನೆಗಳವರೂ ಸೇರಿ, ಯೇಸುಸ್ವಾಮಿ ಪಟ್ಟ ಪಾಡುಗಳ ಮೆರವಣಿಗೆಗೆಂದು ಹತ್ತು ಮೈಲಿ ದೂರದ ದೊಡ್ಡ ಗುಡಿಗೆ ಹೋಗಿಬಿಟ್ಟಿದ್ದರು. ಕುರಿ ಕಾಯುವ ಬೀರಣ್ಣ ಬೆಟ್ಟ ಸುತ್ತಿಕೊಂಡು ಬಂದು ಸುದ್ದಿ ಮುಟ್ಟಿಸಿದಾಗ ಹೊತ್ತು ನೆತ್ತಿಗೇರಿತ್ತು. ಬೆಳಗಿನಿಂದ ನೋವು ಬರುತ್ತಿದೆ, ಕೂಸು ಮತ್ತೆ ಅಡ್ಡಲಾಗಿದೆ ಎಂದ. ಸುತ್ತುದಾರಿಯಲ್ಲಿ ಹೋದರೆ ಸಂಜೆಯಾಗುತ್ತಿತ್ತು, ಅಷ್ಟು ಹೊತ್ತು ತಾಯಿಯೂ ತಡೆಯುವಂತಿರಲಿಲ್ಲ. ಕಣಿವೆಯಲ್ಲಿ ಹೋದರೆ ಅರ್ಧ ಗಂಟೆ. ತಾನು ಮಾತ್ರ ಸುತ್ತುದಾರಿಯಲ್ಲೇ ಬರುತ್ತೇನೆ, ತಡವಾದರೂ ತಲುಪುವುದು ಖಂಡಿತ ಎಂದು ಬೀರಣ್ಣ ಬಹಳ ಪ್ರಾಮಾಣಿಕವಾಗಿ ತಿಳಿಸಿದನಂತೆ.

ತಮಟೆ ಇದ್ದದ್ದು ಉಪದೇಶಿ ರಾಯಪ್ಪನವರ ಮನೆಯಲ್ಲಿ. ಗುರುಗಳಿಲ್ಲದ ಊರಿನಲ್ಲಿ ಜಪ ಹೇಳಿಕೊಡುವ, ಗಂಟೆ ಹೊಡೆಯುವ ಮುದುಕರು ಅವರು. ಕಾಲು ಊದಿಕೊಂಡಿದ್ದರಿಂದ ಮೆರವಣಿಗೆಗೆ ಹೋಗದೆ ಉಳಿದಿದ್ದರು. ಆದರೆ ಗುರುವಾರದಿಂದ ಶನಿವಾರದವರೆಗೆ ಗುಡಿಯಲ್ಲಿ ಗಂಟೆಯಿಲ್ಲ, ಊರಿನಲ್ಲಿ ವಾದ್ಯವಿಲ್ಲ. ಸ್ವಾಮಿ ಶಿಲುಬೆಯ ಮೇಲಿರುವ ದಿನ ತಮಟೆ ಬಡಿದ ಸದ್ದನ್ನು ಆ ಊರು ಎಂದೂ ಕೇಳಿರಲಿಲ್ಲ. ಕತ್ರಿನಮ್ಮ ಬಾಗಿಲಲ್ಲಿ ನಿಂತಾಗ ರಾಯಪ್ಪ ತಮಟೆಯ ಕಡೆ ನೋಡಿದರು, ಅವಳ ಕಡೆ ನೋಡಿದರು.

"ಒಂದು ಜೀವದ ಮಾತು ಕಣವ್ವ. ಪಾಪ ಬಂದ್ರೆ ನನಗೇ ಬರ್ಲಿ, ತಗೊಂಡು ಹೋಗು" ಎಂದರು.

"ಬೇಡ ಉಪದೇಶಿಗಳೇ. ಮೂರು ವರ್ಷದಿಂದ ಆ ಸದ್ದು ಕೇಳಿದ್ರೆ ನನಗೆ ಕರಡೀನೇ ಕಾಣೋದು. ಜಪ ಹೇಳ್ಕೊಂಡು ಹೋಗ್ತೀನಿ."

"ನಿನ್ನ ಹತ್ರ ಜಪಮಾಲೆ ಎಲ್ಲಿದೆ?"

ರಾಯಪ್ಪ ತಮ್ಮದನ್ನು ಕೊಡೋಣವೆಂದರೆ ಅದು ಮಗನ ಜೊತೆ ಮೆರವಣಿಗೆಗೆ ಹೋಗಿತ್ತು. ಹುಣಸೆ ಕುಟ್ಟುವ ಕಾಲವಾದ್ದರಿಂದ ಮನೆಮನೆಯ ಅಂಗಳದಲ್ಲೂ ಬೀಜದ ರಾಶಿಯಿತ್ತು. ಕತ್ರಿನಮ್ಮ ಹರಳೆಣ್ಣೆಯ ಕುಡಿಕೆ ಹಿಡಿದು, ಮಣಿಗೊಂದರಂತೆ ಐವತ್ತಮೂರು ಬೀಜ ಎಣಿಸಿ ಮಡಿಲಿಗೆ ಹಾಕಿಕೊಂಡಳು. ಒಂದು ಹೆಚ್ಚಾಗಿ ಸೇರಿತ್ತೆಂದು ಅವಳಿಗೆ ಆಗ ತಿಳಿಯಲಿಲ್ಲ. ಹೆದರಿದವರ ಎಣಿಕೆ ಹಾಗೇ ಇರುತ್ತದೆ.

ಕಣಿವೆಯ ಬಾಯಲ್ಲಿ ಶಿಲುಬೆಯ ಗುರುತು ಹಾಕಿಕೊಂಡು ಕಾಲಿಟ್ಟಳು. ದೇವಮಾತೆಗೆ ಹೇಳುವ ನಮೋ ಮರಿಯಾ ಒಂದು, ಎಡಬದಿಗೆ ಹಾಕಿದ ಬೀಜ ಒಂದು, ಹೆಜ್ಜೆ ಇಪ್ಪತ್ತು. ಹತ್ತು ಮುಗಿದಾಗ ದಾರಿಯಲ್ಲೇ ಸಿಕ್ಕ ಒಂದು ಕಲ್ಲನ್ನು ಸರಿಸಿಟ್ಟು, ದೇವತಂದೆಗೆ ಹೇಳುವ ಪರಲೋಕ ಜಪ ಹೇಳುವಳು. ಧೈರ್ಯ ಬಂದಿತ್ತೆಂದು ಯಾರೂ ತಿಳಿಯಬಾರದು. ಪ್ರತಿ ಜಪಕ್ಕೂ ಇದೊಂದು ಹೇಳಿ ಹಿಂದಕ್ಕೆ ಹೋಗೋಣ ಎಂದುಕೊಳ್ಳುತ್ತಿದ್ದಳಂತೆ. ಹೀಗೆ ಹಿಂದಕ್ಕೆ ಹೋಗುತ್ತ ಹೋಗುತ್ತ ಅವಳು ನಾಲ್ಕನೆಯ ಹತ್ತು ಮುಗಿಸಿ ಹಾಸುಬಂಡೆಯ ಮುಂದೆ ಬಂದು ನಿಂತಿದ್ದಳು. ಬಂಡೆಯ ಮಗ್ಗುಲಲ್ಲಿ ಕರಡಿ ಹುತ್ತ ಅಗೆಯುತ್ತಿತ್ತು. ಮೂತಿಗೆಲ್ಲ ಕೆಂಪು ಮಣ್ಣು. ಅದು ತಲೆಯೆತ್ತಿತು, ಆಮೇಲೆ ಎರಡು ಕಾಲ ಮೇಲೆ ಎದ್ದು ನಿಂತಿತು.

ಇಲ್ಲಿ ಪರಲೋಕ ಜಪ ಹೇಳಬೇಕಿತ್ತು. ಅವಳಿಗೆ ಅದರ ಮೊದಲ ಮಾತೇ ಮರೆತುಹೋಯಿತು. ಕಾಲು ಓಡಲು ತಿರುಗಿದ್ದವು. ಆಗ ನಾಲಿಗೆಗೆ ಬಂದದ್ದು ಮತ್ತದೇ ನಮೋ ಮರಿಯಾ. ಗಟ್ಟಿಯಾಗಿ, ಎದುರಿಗಿರುವವರಿಗೆ ಹೇಳುವಂತೆ ಹೇಳಿದಳು. ನಮಗಾಗಿ ಈಗಲೂ ನಮ್ಮ ಮರಣದ ಸಮಯದಲ್ಲಿಯೂ ಪ್ರಾರ್ಥಿಸಿ ಎಂಬ ಕೊನೆಯ ಮಾತಿಗೆ ಬಂದಾಗ, ಇಷ್ಟು ವರ್ಷ ಇವು ಎರಡು ಬೇರೆ ಬೇರೆ ಹೊತ್ತು ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ಅನಿಸಿತಂತೆ. ಈಗ ಎಂಬುದೂ ಮರಣ ಎಂಬುದೂ ಒಂದೇ ಮಾರು ದೂರದಲ್ಲಿ ನಿಂತಿದ್ದವು, ಎರಡಕ್ಕೂ ಸಾಕಾಗುವಷ್ಟು ಸಹಾಯವನ್ನು ಅವಳು ಮಗುವಾಗಿದ್ದಾಗಿನಿಂದ ದಿನವೂ ಬೇಡಿಕೊಂಡೇ ಬಂದಿದ್ದಳು. ಅರುಳಪ್ಪನ ಜೊತೆಗೂ ಆ ಹೊತ್ತಿನಲ್ಲಿ ಯಾರೋ ಇದ್ದರು ಎಂಬುದು ಆಗ ಅವಳಿಗೆ ಖಚಿತವಾಯಿತು. ಕಾಲು ತಾವಾಗಿ ನೆಲಕ್ಕೆ ಊರಿದವು. ಆಮೆನ್ ಎಂದಳು. ಕರಡಿ ಮೂಸಿತು, ಮುಂಗಾಲು ನೆಲಕ್ಕಿಳಿಸಿತು, ಮಣ್ಣಿನ ಮೂತಿ ಕೊಡವಿಕೊಂಡು ಬಂಡೆಯ ಮೇಲಕ್ಕೆ ಹತ್ತಿ ಹೋಯಿತು. ಕತ್ರಿನಮ್ಮ ಹನ್ನೊಂದನೆಯ ಬೀಜವನ್ನು ಅಲ್ಲಿಯೇ ಹಾಕಿದಳು. ಉಳಿದ ಹತ್ತನ್ನು ಹಾಡಿಕೊಂಡು ಹೋದಳು ಎನ್ನುತ್ತಾರೆ.

ಎಲಿಸಮ್ಮನ ಕೂಸು ಹೊತ್ತು ಇಳಿಯುವ ಮೊದಲೇ ನೇರಕ್ಕೆ ತಿರುಗಿ, ಊರೆಲ್ಲ ಕೇಳುವಂತೆ ಅಳುತ್ತ ಹುಟ್ಟಿತು. ಹೆಣ್ಣು ಕೂಸು. ಬಾಣಂತಿ ಅತ್ತಿಗೆಯನ್ನು ನೋಡಿ ಕೇಳಿದ್ದು ಒಂದೇ ಮಾತು.

"ಮಂಡಿ ಹೇಗಿದೆ ಅತ್ತಿಗೆ?"

ಇಬ್ಬರೂ ನಗುತ್ತ ಅತ್ತರು, ಅಳುತ್ತ ನಕ್ಕರು. ಬೀರಣ್ಣ ಸುತ್ತುದಾರಿಯಲ್ಲಿ ಬಂದು ತಲುಪಿದಾಗ ಕೂಸಿಗೆ ಎರಡನೆಯ ಸಲ ಹಾಲೂಡಿಸಿ ಆಗಿತ್ತು. ಮಾರನೆಯ ದಿನ ಬೆಳಿಗ್ಗೆ ಕತ್ರಿನಮ್ಮ ಅದೇ ಕಣಿವೆಯಲ್ಲಿ, ಮಡಿಲಲ್ಲಿ ಬೀಜವೊಂದೂ ಇಲ್ಲದೆ, ಒಬ್ಬಳೇ ವಾಪಸು ನಡೆದಳು. ಯೇಸುಸ್ವಾಮಿ ಮರಣದಿಂದ ಎದ್ದ ಪಾಸ್ಕಹಬ್ಬದ ಸಂತೋಷಕ್ಕೆ ಗಂಟೆ ಹೊಡೆಯುವುದು ಆಗಿನ ಕಾಲದಲ್ಲಿ ಶನಿವಾರ ಬೆಳಿಗ್ಗೆಯೇ. ಅವಳು ಕಣಿವೆಯ ಬಾಯಿಂದ ಹೊರಬಂದದ್ದನ್ನು ಕಂಡ ರಾಯಪ್ಪ ಗಂಟೆಯ ಹಗ್ಗಕ್ಕೆ ಜೋತುಬಿದ್ದು ಎಳೆದರು, ಅದೂ ಸಾಲದೆ ಊದಿದ ಕಾಲಲ್ಲೇ ಹೋಗಿ ತಮಟೆ ತಂದು ಬಡಿದರು.

ಆ ವರ್ಷದ ಮಳೆಗೆ ಬೀಜಗಳೆಲ್ಲ ಮೊಳೆತವು. ಸಸ್ಯಶಾಸ್ತ್ರ ಓದಿದವರು ಒಂದೂ ಹುಸಿಹೋಗದಿರುವುದು ಸಾಧ್ಯವಿಲ್ಲ ಎನ್ನುತ್ತಾರೆ, ಮರಗಳು ಇನ್ನೂ ಅದನ್ನು ಕೇಳಿಸಿಕೊಂಡಿಲ್ಲ. ಬಹಳ ವರ್ಷಗಳ ಮೇಲೆ ಅಚ್ಚುಕಟ್ಟಿನವರಾದ ಗುರುಗಳೊಬ್ಬರು ಬಂದು, ಜಪಮಾಲೆಯ ಲೆಕ್ಕ ಕೆಡುವುದರಿಂದ ಹೆಚ್ಚಿನ ಮರವೊಂದನ್ನು ಕಡಿಸಬೇಕೆಂದರಂತೆ. ಹಣ್ಣುಮುದುಕಿಯಾಗಿದ್ದ ಕತ್ರಿನಮ್ಮ ಕೋಲೂರಿಕೊಂಡು ಬಂದು ಅವರ ಎದುರು ನಿಂತಳು.

"ಸ್ವಾಮಿ, ಅದಕ್ಕೆ ಮುಂಚಿನ ನಲವತ್ತಮೂರನ್ನೂ ನಾನು ಹೆದರ್ಕೊಂಡು ಹೇಳಿದ್ದು. ಕಡಿಸೋದಾದ್ರೆ ಅವನ್ನ ಕಡಿಸಿ."

ಗುರುಗಳು ಕೊಡಲಿಯವನನ್ನು ಕಳಿಸಿಬಿಟ್ಟರು.

ಈಗ ಕಣಿವೆಯಲ್ಲಿ ಬಸ್ಸು ಓಡಾಡುತ್ತದೆ. ನಾಲ್ಕನೆಯ ಗುಂಪಿನ ಕೊನೆಯ ಮರದ ತೊಗಟೆ ಎದೆಯೆತ್ತರದಲ್ಲಿ ಸವೆದು ನುಣುಪಾಗಿದೆ. ಬಸುರಿಯರು, ಪರೀಕ್ಷೆಗೆ ಹೊರಟವರು, ಆಪರೇಷನ್ನಿಗೆ ದಿನ ಗೊತ್ತಾದವರು ಬಂದು ಮುಟ್ಟಿ ಹೋಗುತ್ತಾರೆ. ಪ್ರತಿ ಶುಭ ಶುಕ್ರವಾರ ಎರಡೂ ಊರಿನವರು ಸದ್ದಿಲ್ಲದೆ ಸೇರಿ ಸಾಲಿನುದ್ದಕ್ಕೂ ಜಪ ಹೇಳುತ್ತ ನಡೆಯುತ್ತಾರೆ. ಹೊಸಬರು ನಾಲ್ಕನೆಯ ಹತ್ತು ಮುಗಿಸಿ, ಕೈಯಲ್ಲಿನ ಜಪಮಾಲೆಯ ಮಣಿ ಸರಿಸಿ, ಮುಂದಿನ ಜಪಕ್ಕೆ ಬಾಯಿ ತೆರೆಯುತ್ತಾರೆ. ಊರಿನವರು ಮಾತ್ರ ಜಪಮಾಲೆಯನ್ನು ಎಡಗೈಗೆ ಸುತ್ತಿಕೊಂಡು, ಬರಿಯ ಬಲಗೈಯನ್ನು ಆ ಮರದ ಮೇಲಿಟ್ಟು ನಿಲ್ಲುತ್ತಾರೆ. ಆ ಹನ್ನೊಂದನೆಯ ಜಪಕ್ಕೆ ಮಣಿ ಇಲ್ಲ. ಅದನ್ನು ಎಲ್ಲರೂ ಗಟ್ಟಿಯಾಗಿ ಹೇಳುತ್ತಾರೆ.