ಹೇಳಿದವರು ಯಾರು?

ಜಗತ್ತಿನ ಯಾವ ವಾದವನ್ನಾದರೂ ಒಂದೇ ಪ್ರಶ್ನೆಯಲ್ಲಿ ಮುಗಿಸಿಬಿಡುತ್ತೇನೆ ಎಂದು ಕಂಬದಕೋಟೆಯ ಪ್ರಧಾನಿ ನರಹರಯ್ಯನವರು ತುಂಬಿದ ಸಭೆಯಲ್ಲಿ ಮೀಸೆ ತೀಡಿಕೊಂಡು ಹೇಳುತ್ತಿದ್ದರು. ಆ ಪ್ರಶ್ನೆ ಇಷ್ಟೇ: "ಹೇಳಿದವರು ಯಾರು?"

ಒಮ್ಮೆ ಅರಮನೆಯ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಕಾವಲಿನವನೊಬ್ಬ ಹೇಳಿದ. "ಹೇಳಿದವರು ಯಾರು? ಇವನ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಅಂಬಲಿ. ಸಾರಿನ ರುಚಿ ಇವನಿಗೇನು ಗೊತ್ತು?" ಎಂದರು ಪ್ರಧಾನಿ. ಸಭೆ ತಲೆದೂಗಿತು. ಆ ದಿನ ಉಂಡವರೆಲ್ಲ ಸಂಜೆಯವರೆಗೂ ತಂಬಿಗೆಗಟ್ಟಲೆ ನೀರು ಕುಡಿದರು. ವಾದದಲ್ಲಿ ಮಾತ್ರ ಸಾರು ಗೆದ್ದಿತ್ತು.

ದೊರೆ ಚಿತ್ರಶೇಖರ ನಾಯಕನಿಗೆ ಈ ಪ್ರಶ್ನೆ ಬಹಳ ಹಿಡಿಸಿತ್ತು. ಯೋಚಿಸುವ ಕೆಲಸ ಉಳಿಯುತ್ತಿತ್ತಲ್ಲ. ದೊರೆಯ ಪಕ್ಕದಲ್ಲಿ ಎಲೆಅಡಿಕೆ ತಟ್ಟೆ ಹಿಡಿದು ನಿಲ್ಲುತ್ತಿದ್ದ ಗಿರಿಮಲ್ಲನಿಗೆ ಹಿಡಿಸಿರಲಿಲ್ಲ. ವೀಳ್ಯ ಮಡಿಸುವುದು, ಬಾಯಿ ಮುಚ್ಚಿಕೊಂಡಿರುವುದು ಎರಡೂ ಅವನ ಕೆಲಸ. ಮೊದಲನೆಯದನ್ನು ಚೆನ್ನಾಗಿ ಮಾಡುತ್ತಿದ್ದ.

ಒಂದು ಬೆಳಿಗ್ಗೆ ಕುಂಬಾರರ ಪುಟ್ಟೀರಮ್ಮ ಕೆಸರುಗಾಲಿನಲ್ಲೇ ಸಭೆಗೆ ಬಂದಳು. ಕೈಯಲ್ಲೊಂದು ಕುಡಿಕೆ.

"ಬುದ್ಧಿ, ದೊಡ್ಡ ಕೆರೆ ಏರಿ ಕೆಳಗೆ ನಾನು ದಿನಾ ಮಣ್ಣು ತೆಗೆಯೋದು. ಅಲ್ಲಿ ಯಾವಾಗಲೂ ಒಂದಿಷ್ಟು ನೀರು ಜಿನುಗುತ್ತೆ. ತಿಳಿನೀರಾದರೆ ಭಯವಿಲ್ಲ. ನಿನ್ನೆಯಿಂದ ಕೆಂಪಗೆ ಬರ್ತಿದೆ. ನೀರು ಒಳಗಿಂದ ಏರಿಯ ಮಣ್ಣು ತಿಂತಿದೆ. ಹೀಗೇ ಬಿಟ್ಟರೆ ಏರಿ ಒಡೆದು ಕೆಳಗೇರಿಯ ಮನೆಗಳೆಲ್ಲ ಕೊಚ್ಚಿಹೋಗ್ತವೆ."

ಕುಡಿಕೆಯನ್ನು ದೊರೆಯ ಮುಂದಿಟ್ಟಳು. ತಳದಲ್ಲಿ ಹೆಬ್ಬೆರಳುದ್ದ ಕೆಮ್ಮಣ್ಣು ಕೂತಿತ್ತು. ದೊರೆ ಪ್ರಧಾನಿಯ ಕಡೆ ನೋಡಿದ. ಪ್ರಧಾನಿ ಕುಡಿಕೆಯ ಕಡೆ ನೋಡಲೇ ಇಲ್ಲ.

"ಹೇಳಿದವರು ಯಾರು? ಇವಳ ಗಂಡ ಇವಳನ್ನು ಬಿಟ್ಟುಹೋಗಿ ಮೂರು ವರ್ಷವಾಯಿತು, ಮಹಾಪ್ರಭು. ಗಂಡನನ್ನು ನಿಲ್ಲಿಸಿಕೊಳ್ಳಲಾಗದವಳು ಕೆರೆ ನಿಲ್ಲಿಸಲು ಬಂದಿದ್ದಾಳೆ."

ಸಭೆ ಗೊಳ್ಳೆಂದಿತು.

"ಗಂಡ ಹೋದದ್ದು ನಿಜ ಬುದ್ಧಿ," ಎಂದಳು ಪುಟ್ಟೀರಮ್ಮ. "ಅವನೇನು ಏರಿಗೆ ತೂತು ಕೊರೆದು ಹೋಗಲಿಲ್ಲ. ನಾನು ಹೇಳ್ತಿರೋದು ನೀರಿನ ಮಾತು."

"ಹೋದ ವರ್ಷ ಅರಮನೆಗೆ ಇವಳು ಕೊಟ್ಟ ನೀರಿನ ಹರವಿಗಳಲ್ಲಿ ಎರಡು ಸೋರುತ್ತಿದ್ದವು. ಇವಳ ಕಣ್ಣಿಗೆ ಎಲ್ಲ ಕಡೆ ಸೋರಿಕೆಯೇ ಕಾಣುತ್ತದೆ."

ಸಭೆ ಇನ್ನೊಮ್ಮೆ ನಕ್ಕಿತು. ಸಾಕು ಹೋಗು ಎಂಬಂತೆ ದೊರೆ ಕೈಯಾಡಿಸಿದ.

ಗಿರಿಮಲ್ಲ ತಟ್ಟೆಯನ್ನು ಇನ್ನೊಬ್ಬನ ಕೈಗಿತ್ತು ಹೆಬ್ಬಾಗಿಲವರೆಗೆ ಅವಳ ಹಿಂದೆಯೇ ಬಂದ. "ಎಷ್ಟು ಹೊತ್ತು ತಡೆಯುತ್ತಮ್ಮಾ?"

"ನಾಳೆ ಬೆಳಗಿನ ತನಕ ನಿಂತರೆ ಪುಣ್ಯ. ನನ್ನ ಮಾತು ನಂಬೋದು ಬೇಡಪ್ಪ, ಯಾರಾದರೂ ಬಂದು ನೋಡಿದ್ದರೆ ಸಾಕಿತ್ತು."

ಗಿರಿಮಲ್ಲನ ಅಕ್ಕನ ಮನೆ ಇದ್ದದ್ದು ಕೆಳಗೇರಿಯಲ್ಲೇ. ಒಂದು ಗಳಿಗೆ ನಿಂತು ಯೋಚಿಸಿ, ನೆಟ್ಟಗೆ ಕುದುರೆ ಲಾಯಕ್ಕೆ ನಡೆದ.

ಲಾಯದಲ್ಲಿ ಕೆಂಚ ಎಂಬವನಿದ್ದ. ಸುಳ್ಳಿಗಾಗಿ ಪ್ರಧಾನಿಗಳಿಂದಲೇ ಮೂರು ಸಲ ಶಿಕ್ಷೆ ಪಡೆದವನು. ಪಟ್ಟದ ಕುದುರೆ ಮೊಟ್ಟೆಯಿಟ್ಟಿದೆ ಎಂದು ನಂಬಿಸಿ, ನೋಡಲು ಬಂದವರಿಂದ ತಲೆಗೊಂದು ತೆಂಗಿನಕಾಯಿ ವಸೂಲಿ ಮಾಡಿದ್ದ. ಗಿರಿಮಲ್ಲ ಅವನ ಕಿವಿಯಲ್ಲಿ ಎರಡು ಮಾತು ಹೇಳಿ ಸಭೆಗೆ ಮರಳಿದ.

ಸ್ವಲ್ಪ ಹೊತ್ತಿಗೆ ಕೆಂಚ ಏದುಸಿರು ಬಿಡುತ್ತ ಸಭೆಯೊಳಗೆ ನುಗ್ಗಿದ. "ಸ್ವಾಮೀ ಪ್ರಧಾನಿಗಳೇ, ಶಾಲಿನಲ್ಲಿ ಚೇಳು! ಕುತ್ತಿಗೆ ಹತ್ತಿರ!"

ನರಹರಯ್ಯನವರು ಪೀಠದಿಂದ ಹಾರಿದರು. ಪೇಟ ಒಂದು ಕಡೆ ಉರುಳಿತು, ಅವರು ಇನ್ನೊಂದು ಕಡೆ ಉರುಳಿದರು. ಶಾಲನ್ನು ಕಿತ್ತೆಸೆದು, ಮತ್ತೆ ಎತ್ತಿಕೊಂಡು, ಒಂಟಿಕಾಲಿನಲ್ಲಿ ಕುಣಿಯುತ್ತ ಮೂರು ಸಲ ಕೊಡವಿದರು. ಏನೂ ಬೀಳಲಿಲ್ಲ.

"ಚೇಳೂ ಇಲ್ಲ, ಗೀಳೂ ಇಲ್ಲ. ಕಟ್ಟಿರೋ ಈ ಸುಳ್ಳನನ್ನು," ಎಂದು ಅಬ್ಬರಿಸಿದರು.

ಗಿರಿಮಲ್ಲ ಮೆಲ್ಲಗೆ ಕೆಮ್ಮಿದ. "ಸ್ವಾಮಿಗಳು ಒಂದು ಮರೆತರು. ಹೇಳಿದವರು ಯಾರು ಅಂತ ಕೇಳಲೇ ಇಲ್ಲ. ಇವನ ಹೆಂಡತಿ ಮನೆಯಲ್ಲಿದ್ದಾಳೋ ಬಿಟ್ಟುಹೋದಳೋ, ಒಂದೂ ವಿಚಾರಿಸದೆ ಹಾರಿಬಿಟ್ಟಿರಲ್ಲ."

"ಚೇಳು ಕುಟುಕುವ ತನಕ ಇವನ ಸಂಸಾರ ವಿಚಾರಿಸುತ್ತ ಕೂತಿರಬೇಕಿತ್ತೇನೋ ಮೂರ್ಖ?"

"ಖಂಡಿತ ಬೇಡ. ಈಗ ಚೇಳು ಇಲ್ಲ ಅಂತ ತಮಗೆ ಗೊತ್ತಾದದ್ದು ಹೇಗೆ? ಕೆಂಚ ಸುಳ್ಳ ಅನ್ನುವುದರಿಂದಲೋ?"

"ಶಾಲು ಕೊಡವಿ ನೋಡಿದೆನಲ್ಲ. ನಿನಗೇನು ಕಣ್ಣಿಲ್ಲವೇ?"

"ಇದೆ ಸ್ವಾಮಿ. ಊರಿಗೇ ಗೊತ್ತಿರುವ ಸುಳ್ಳ ಹೇಳಿದರೂ ಶಾಲು ನೋಡಿದಿರಿ, ಯಾಕೆಂದರೆ ಕುತ್ತಿಗೆ ನಿಮ್ಮದು. ಪುಟ್ಟೀರಮ್ಮ ಹೇಳಿದಾಗ ಏರಿ ಬಿಟ್ಟು ಅವಳ ಗಂಡನನ್ನು ನೋಡಿದಿರಿ, ಯಾಕೆಂದರೆ ಕೆಳಗೇರಿಯಲ್ಲಿರುವುದು ಬೇರೆಯವರ ಕುತ್ತಿಗೆ. ಅವಳು ಹೇಳಿದ್ದು ಸುಳ್ಳೇ ಇರಬಹುದು. ಏರಿಯನ್ನೂ ಒಮ್ಮೆ ಹೋಗಿ ನೋಡಿಬಿಡೋಣ."

ಸಭೆಯಲ್ಲಿ ಈ ಸಲ ಯಾರೂ ನಗಲಿಲ್ಲ. ದೊರೆಯ ಬಾಯಲ್ಲಿ ವೀಳ್ಯ ಹಾಗೇ ನಿಂತಿತು. ಅವನು ಎದ್ದು, "ಕುದುರೆ ತನ್ನಿ," ಎಂದ.

ಏರಿಯ ಕೆಳಗೆ ಮುಷ್ಟಿ ಗಾತ್ರದ ತೂತಿನಿಂದ ನೀರು ಕೆಂಪಗೆ ಹರಿಯುತ್ತಿತ್ತು. ದೊರೆ ತಾನೇ ಬಗ್ಗಿ ಕೈ ಹಾಕಿದ. ಮೊಣಕೈವರೆಗೂ ಒಳಗೆ ಹೋಯಿತು.

ತೂಬು ತೆಗೆಸಿ ನೀರು ಇಳಿಸಿದರು. ಕೆಳಗೇರಿಯ ಜನರನ್ನು ಮೇಲಕ್ಕೆ ಕಳಿಸಿದರು. ಏರಿಯ ಒಳಮೈಗೆ ಬುಟ್ಟಿ ಬುಟ್ಟಿ ಜೇಡಿಮಣ್ಣು ಸುರಿದು ತುಳಿದರು. ಎಲ್ಲಿ ಸುರಿಯಬೇಕು, ಎಷ್ಟು ತುಳಿಯಬೇಕು ಎಂದು ಪುಟ್ಟೀರಮ್ಮ ಹೇಳುತ್ತಿದ್ದಳು. ಸೈನಿಕರು ತುಳಿದರು, ಸಭಾಸದರು ತುಳಿದರು, ದೊರೆಯ ಕಣ್ಣು ತಪ್ಪಿಸಲಾಗದೆ ನರಹರಯ್ಯನವರೂ ತುಳಿದರು. ಹೊತ್ತು ಮುಳುಗುವ ಹೊತ್ತಿಗೆ ಜಿನುಗು ನೀರು ತಿಳಿಯಾಯಿತು.

ದೊರೆ ಅಲ್ಲಿಯೇ ನಿಂತು ಕೆರೆಯ ಕಾವಲನ್ನೂ ಅದಕ್ಕೆ ಸೇರಿದ ಉಂಬಳಿ ಗದ್ದೆಯನ್ನೂ ಪುಟ್ಟೀರಮ್ಮನಿಗೆ ಕೊಟ್ಟ. ಕೆಂಚನಿಗೆ ಕ್ಷಮೆ ಸಿಕ್ಕಿತು. ಪುಟ್ಟೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಪ್ರಧಾನಿಗಳಿಗೆ ಇದನ್ನೆಲ್ಲ ನುಂಗಲಾಗಲಿಲ್ಲ. ಕೆಸರಿನಲ್ಲಿ ಹೂತ ಎಡಗಾಲನ್ನು ಕೀಳಲು ಹೆಣಗುತ್ತಲೇ ಹೇಳಿದರು: "ಎಲ್ಲ ಸರಿ, ಮಹಾಪ್ರಭು. ಆದರೆ ಎಲೆ ಮಡಿಸುವ ಈ ಗಿರಿಮಲ್ಲನಿಗೆ ಕೆರೆಯ ವಿಚಾರ ಏನು ಗೊತ್ತು?"

ಗಿರಿಮಲ್ಲ ಕೈಮುಗಿದ. "ಏನೂ ಗೊತ್ತಿಲ್ಲ ಸ್ವಾಮಿ. ಅದಕ್ಕೇ ಹೋಗಿ ನೋಡೋಣ ಅಂದೆ."