ಮುಚ್ಚಿದ ಕಿಂಡಿಗಳು

ಮಾತು ಕಡಿಮೆಯಿರುವ ಗುರುವಿಗೆ ಶಿಷ್ಯನಾಗುವುದು ಸುಲಭದ ಕೆಲಸವಲ್ಲ. ಅವರು ಮೆಚ್ಚಿದರೋ ಮುನಿದರೋ ಗೊತ್ತಾಗುವುದಿಲ್ಲ. ಹೊಳೆದಂಡೆಯ ಆಶ್ರಮದ ಮಡಿವಾಳಜ್ಜ ಅಂಥ ಗುರು. ನಿಜಗುಣ ಅವರ ಶಿಷ್ಯ.

ಕಷ್ಟ ಬಂದವರು ದೂರದೂರದಿಂದ ಅಜ್ಜನಿಗೆ ಫೋನು ಮಾಡುತ್ತಿದ್ದರು. ಅಜ್ಜ ರಿಸೀವರು ಎತ್ತಿ "ಹೇಳು" ಅನ್ನುತ್ತಿದ್ದರು. ಆಮೇಲೆ ಕೇಳುವುದಷ್ಟೇ. ನಡುವೆ ಹೂಂ ಅನ್ನುವುದೂ ಇಲ್ಲ. ಎಲ್ಲ ಮುಗಿದ ಮೇಲೆ ಕೆಲವೊಮ್ಮೆ "ಆಗಲಿ" ಎಂಬ ಒಂದು ಮಾತು.

ಭಕ್ತರೇ ಇದಕ್ಕೊಂದು ಅರ್ಥ ಕಟ್ಟಿಕೊಂಡಿದ್ದರು. ಅಜ್ಜ "ಆಗಲಿ" ಅಂದರೆ ಹೌದು, ಸುಮ್ಮನಿದ್ದರೆ ಬೇಡ. ಅಜ್ಜ ಹಾಗೆಂದು ಯಾರಿಗೂ ಹೇಳಿರಲಿಲ್ಲ. ಹಾಗಲ್ಲವೆಂದೂ ಹೇಳಿರಲಿಲ್ಲ.

ಆ ಫೋನು ನಡೆಯುತ್ತಿದ್ದುದು ಇಂಟರ್‌ನೆಟ್ ಮೇಲೆ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶವನ್ನು ಒಂದು ಹಳೆಯ ಕಂಪ್ಯೂಟರಿಗೆ ಹಾಕಿ ಅದನ್ನು ಕಟ್ಟಿದವನು ನಿಜಗುಣ. ಅದೇ ಅವನ ಸೇವೆ. ನಿಜ ಹೇಳಬೇಕೆಂದರೆ ಅದೇ ಅವನ ಜಂಬ ಕೂಡ.

ಒಮ್ಮೆ ಯಾರೋ ಕಳ್ಳರು ಅದರೊಳಗೆ ನುಗ್ಗಿದರು. ಅಡುಗೆಮನೆಯ ಫೋನಿಗೆ ಅದರ ನಂಬರನ್ನೇ ಪಾಸ್‌ವರ್ಡ್ ಮಾಡಿ ಇಟ್ಟಿದ್ದ ಪುಣ್ಯಾತ್ಮ ನಿಜಗುಣ. ಕಳ್ಳರು ಅದನ್ನು ಊಹಿಸಿ, ಆಶ್ರಮದ ಹೆಸರಿನಲ್ಲಿ ಯಾವ್ಯಾವುದೋ ದೇಶಕ್ಕೆ ಕರೆ ಮಾಡಿದರು.

ನಿಜಗುಣನಿಗೆ ತಲೆ ಎತ್ತಲಾಗದಂತಾಯಿತು.

"ಅಜ್ಜಾರ, ಇನ್ನಮ್ಯಾಲ ಒಂದು ಇರುವಿನೂ ಒಳಗ ಬರದಂಗ ಮಾಡ್ತೀನ್ರಿ."

"ಬರಬೇಕಾದೋರು ಬರ್ತಾರಲ್ಲ?"

"ಬರ್ತಾರ್ರಿ."

ಅವನು ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದ. ಹೊರಗಿನಿಂದ ಬರುವುದನ್ನು ತಡೆಯುವ ತಂತ್ರಾಂಶವೊಂದನ್ನು ಕಂಪ್ಯೂಟರಿನ ಸುತ್ತ ಬೇಲಿಯಂತೆ ಹಾಕಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರೆ. ಇವನು ದಿಡ್ಡಿಯ ಜೊತೆಗೆ ಇಂಟರ್‌ನೆಟ್‌ನಿಂದ ಒಳಬರುವ ಕಂಡ ಕಂಡ ಕಿಂಡಿಗಳನ್ನೂ ಮುಚ್ಚಿದ.

ಆಮೇಲೆ ಪರೀಕ್ಷೆ ಮಾಡಿದ. ಅಡುಗೆಮನೆಯಿಂದ ಅಜ್ಜನ ಕೋಣೆಗೆ ಮಾತಾಡಿದ, ಸರಿಯಿತ್ತು. ಆ ಮಾತು ಬೇಲಿ ದಾಟಬೇಕಾಗಿಯೇ ಇರಲಿಲ್ಲ. ಸಂತೆಗೆ ಹೋದಾಗ ಮೊಬೈಲಿನಿಂದ ಮಾಡಿದ. ಗಂಟೆ ಹೊಡೆಯಿತು. "ಹೇಳು" ಎಂಬ ಅಜ್ಜನ ದನಿ ಸ್ಪಷ್ಟವಾಗಿ ಕೇಳಿಸಿತು. ಬರೀ ಪರೀಕ್ಷೆಗೆಂದು ಗುರುವಿನ ಹೊತ್ತು ಹಾಳು ಮಾಡಬಾರದೆಂದು ನಿಂತಲ್ಲೇ ನಮಸ್ಕರಿಸಿ, ಬಾಯಿ ಬಿಡದೆ ಕರೆ ಕಡಿದ. ಭಕ್ತಿಯೂ ಒಮ್ಮೊಮ್ಮೆ ಹೀಗೆ ಕೆಲಸ ಕೆಡಿಸುತ್ತದೆ.

ಕೆಲವು ದಿನ ಕಳೆದ ಮೇಲೆ ಅಜ್ಜ ಅಂದರು:

"ಮಂದಿಗೆ ದುಃಖ ಭಾಳ ಆಗೈತಿ ನಿಜಗುಣ. ಫೋನ್ ಹಚ್ತಾರ, ಬಾಯಿಂದ ಒಂದ ಮಾತೂ ಹೊಂಡವಲ್ದು. ಅವರು ಇಡೂತನಕ ನಾನೂ ಸುಮ್ನ ಕುಂತಿರ್ತೀನಿ."

ನಿಜಗುಣನ ಕಣ್ಣು ತುಂಬಿ ಬಂತು. ಎಂಥ ಗುರು ಸಿಕ್ಕರು ತನಗೆ ಅಂದುಕೊಂಡ. ಫೋನನ್ನೊಮ್ಮೆ ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಫಕೀರವ್ವ ಬಂದಳು. ಹೊಳೆಯಾಚೆಯ ಊರವಳು, ರೊಟ್ಟಿ ಬಡಿದು ಮಾರಿ ಬದುಕುವ ಹೆಂಗಸು. ಅವಳ ಒಬ್ಬಳೇ ಮಗಳು ಕಸ್ತೂರಿ ಯಾರನ್ನೋ ನಂಬಿ ಮನೆ ಬಿಟ್ಟು ಹೋದ ಸುದ್ದಿ ಆಶ್ರಮದಲ್ಲಿ ಎಲ್ಲರಿಗೂ ಗೊತ್ತಿತ್ತು.

"ನೀವು ಹೇಳಿದಂಗ ಮಾಡಿದ್ನಿರೀ ಅಜ್ಜಾರ. ಆದ್ರ ಜೀವ ನಿಲ್ಲವಲ್ದು."

"ನಾ ಏನ್ ಹೇಳಿದ್ನೆವ್ವಾ?"

"ಕಸ್ತೂರಿ ತಿರುಗಿ ಬಂದಿದ್ಲರೀ. ಹೋದ ಅಮಾಸಿ ಸಂಜೀಮುಂದ ಬಾಗಲಾ ಬಡದ್ಲು. ಯವ್ವಾ, ತಪ್ಪಾತು, ಬಾಗಲಾ ತಗೀ ಅಂತ ಅಳಾಕ ಹತ್ತಿದ್ಲು. ನನಗ ಸಿಟ್ಟೂ ಇತ್ತು, ಕರಳೂ ಚುರ್ ಅಂತಿತ್ತು. ನಿಮಗ ಫೋನ್ ಹಚ್ಚಿ, ತಗೀಲೇನ್ರೀ ಅಜ್ಜಾರ, ಅಂತ ಕೇಳಿದೆ. ಮತ್ತ ಮತ್ತ ಕೇಳಿದೆ. ನೀವು ಸುಮ್ನಿದ್ರಿ."

ಅಜ್ಜ ಅವಳನ್ನೇ ನೋಡುತ್ತಿದ್ದರು.

"ಅದಕ್ಕ ಬಾಗಲದ ಸಂದಿಂದ ಅಂದ್ನಿ, ಅಜ್ಜಾರೂ ಬ್ಯಾಡ ಅಂದ್ರು, ಹೋಗು ಅಂತ. ಅಲ್ಲೀತನಕ ಅಳಾಕ ಹತ್ತಿದಾಕಿ ಗಪ್ಪಾದ್ಲು. ಹೋಗಿಬಿಟ್ಲು. ಆವತ್ತಿಂದ ಆಕೀನ್ನ ಕಂಡೋರಿಲ್ಲ. ಫೋನೂ ಬಂದ್ ಐತಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಹೇಳಿದ್ದು ಅಂದಮ್ಯಾಲ ಒಳ್ಳೇದ ಆಗ್ತೈತಿ ಅಲ್ರೀ?"

ಅಜ್ಜ ನಿಜಗುಣನ ಕಡೆ ತಿರುಗಿದರು.

"ಆವತ್ತ ಸಂಜೀಗೆ ಫೋನ್ ಬಂದಿತ್ತು. ನನಗ ಒಂದ ಅಕ್ಷರನೂ ಕೇಳಿಸಿಲ್ಲ."

ನಿಜಗುಣ ಎದ್ದು ಹೊರಗೆ ಓಡಿದ. ಅಂಗಳದ ತುದಿಗೆ ನಿಂತು ಮೊಬೈಲಿನಿಂದ ಕರೆ ಮಾಡಿದ.

"ಹೇಳು," ಅಂದಿತು ಅಜ್ಜನ ದನಿ.

"ಅಜ್ಜಾರ, ನಾ ನಿಜಗುಣ. ಕೇಳಿಸ್ತೈತೇನ್ರಿ?"

ಕಿಟಕಿಯಲ್ಲಿ ಅಜ್ಜ ಕಾಣುತ್ತಿದ್ದರು. ರಿಸೀವರು ಕಿವಿಗೆ ಒತ್ತಿಕೊಂಡು, ತಲೆ ತುಸು ಬಾಗಿಸಿ, ಕಣ್ಣು ಮುಚ್ಚಿ ಕೂತಿದ್ದರು. ಮುಖದ ತುಂಬ ಕರುಣೆ. ಉತ್ತರವಿಲ್ಲ.

ಅವನು ಇನ್ನೊಮ್ಮೆ ಕೇಳಲಿಲ್ಲ. ಇಷ್ಟು ದಿನ ಎಷ್ಟು ಜನ ಆ ಮೌನಕ್ಕೆ ಏನೇನು ಕೇಳಿರಬಹುದು, ಏನೇನು ಬಿಟ್ಟುಕೊಟ್ಟಿರಬಹುದು ಅನ್ನುವುದು ಹೊಳೆದು ಕಂಪ್ಯೂಟರಿನ ಕಡೆ ಓಡಿದ.

ತಪ್ಪು ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಂಥ ಫೋನಿನಲ್ಲಿ ಗಂಟೆ ಬರುವ ದಾರಿ ಬೇರೆ, ಮಾತು ಬರುವ ದಾರಿ ಬೇರೆ. ಗಂಟೆ ಒಳಗೆ ಬರುತ್ತಿತ್ತು. ಅಜ್ಜನ ದನಿ ಹೊರಗೆ ಹೋಗುತ್ತಿತ್ತು. ಹೊರಗಿನವರ ಮಾತು ಬರುವ ಕಿಂಡಿಗಳಿಗೆಲ್ಲ ಅವನೇ ಬೀಗ ಜಡಿದಿದ್ದ. ನೆಗಡಿ ಬಂತೆಂದು ಮೂಗು ಕೊಯ್ದಿದ್ದ, ಅದೂ ಗುರುವಿನ ಮೂಗು. ಹೊರಗಿನ ಕರೆ ತಂದುಕೊಡುವ ಫೋನು ಕಂಪನಿಯ ಇಂಟರ್‌ನೆಟ್ ವಿಳಾಸದಿಂದ ಬರುವ ಮಾತಿಗಷ್ಟೇ ಕಿಂಡಿ ಬಿಟ್ಟ. ಈಗ ಕಳ್ಳನೂ ಬರಲಾರ, ಮಾತೂ ನಿಲ್ಲದು. ಮೊದಲ ದಿನವೇ ಇಷ್ಟು ಮಾಡಬಹುದಿತ್ತು.

ಅವನು ಅಜ್ಜನನ್ನು ಬಾಗಿಲ ಬಳಿಗೆ ಕರೆದು ಎಲ್ಲ ಹೇಳಿದ. ಆಮೇಲೆ ಮೆಲ್ಲಗೆ ಅಂದ:

"ಆಕಿಗೆ ಹೇಳಬ್ಯಾಡ್ರಿ ಅಜ್ಜಾರ. ನೀವು ಬ್ಯಾಡ ಅಂದ್ರಿ ಅನ್ನೂದೊಂದ ಆಕಿಗಿರೋ ಆಸರ."

"ಆ ಆಸರದ ಬುಡದಾಗ ಮಗಳು ಸಿಕ್ಕೊಂಡಾಳ. ಅದು ಇರೂತನಕ ಈಕಿ ಮಗಳನ್ನ ಹುಡುಕಂಗಿಲ್ಲ."

ಅಜ್ಜ ಒಳಗೆ ಹೋಗಿ ಫಕೀರವ್ವನ ಎದುರು ನೆಲದ ಮೇಲೆ ಕೂತರು.

"ನಾ ಬ್ಯಾಡ ಅಂದಿಲ್ಲವ್ವಾ. ಫೋನ್ ಕೆಟ್ಟಿತ್ತು. ನೀ ಕೇಳಿದ್ದು ನನಗ ಮುಟ್ಟಲೇ ಇಲ್ಲ."

"ನಾನರೀ ಯವ್ವಾ, ನಾ ಕೆಡಿಸಿದ್ದು," ಅಂದ ನಿಜಗುಣ.

ಫಕೀರವ್ವ ಅವನ ಕಡೆ ನೋಡಲೇ ಇಲ್ಲ.

"ಕೇಳಿಸಿದ್ರ ಏನಂತಿದ್ರಿ ಅಜ್ಜಾರ?"

"ತಗೀ ಅಂತಿದ್ದೆ."

ಅವಳು ಅಳಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡಳು.

"ನನ್ನ ಮನಸ್ಸೂ ಅದನ್ನ ಅಂತಿತ್ತರೀ," ಅಂದಳು. "ನಿಮ್ಮನ್ನ ಯಾಕರ ಕೇಳಿದೆ?"

"ಕೇಳಿಸ್ತೈತೇನವ್ವಾ, ಅಂತ ನಾನರ ಒಂದ ಮಾತು ಅನ್ನಬೇಕಿತ್ತು. ಅನ್ನಲಿಲ್ಲ," ಅಂದರು ಅಜ್ಜ. ಅವರ ದನಿ ಹೀಗೆ ಒಡೆದದ್ದನ್ನು ನಿಜಗುಣ ಹಿಂದೆಂದೂ ಕೇಳಿರಲಿಲ್ಲ.

ಅಜ್ಜ ಎದ್ದು ಶಾಲು ಹೊದ್ದರು. ಕೋಲು ತೆಗೆದುಕೊಂಡರು. ಆಶ್ರಮದ ಹೊಸ್ತಿಲು ದಾಟಿ ಅವರು ಅದುವರೆಗೆ ಎಲ್ಲಿಗೂ ಹೋದವರಲ್ಲ.

"ನಡಿಯವ್ವಾ. ಎಲ್ಲೆಲ್ಲಿ ಹೋಗಿರಬಹುದು ಹೇಳು. ಹುಡುಕೂಣು."

"ನಾನೂ ಬರ್ತೀನ್ರಿ," ಅಂತ ನಿಜಗುಣ ಚಪ್ಪಲಿ ಮೆಟ್ಟಿದ.

"ನೀ ಫೋನಿನ ಮುಂದ ಕೂಡು. ಹಚ್ಚಿದೋರಿಗೆಲ್ಲ, ಫೋನ್ ಕೆಟ್ಟಿತ್ತು, ಅಜ್ಜ ಬ್ಯಾಡ ಅಂದಿಲ್ಲ ಅಂತ ಹೇಳು."

"ಅಜ್ಜಾರ, ಕೈಮುಗೀತೀನಿ, ಕರಕೊಂಡ್ ಹೋಗ್ರಿ. ಈ ಫೋನಿನ ಮುಂದ ನನ್ನಿಂದ ಕೂಡಾಕ ಆಗೂದಿಲ್ಲ."

ಅಜ್ಜ ಕುರ್ಚಿಯನ್ನು ಎಳೆದು ಫೋನಿನ ಮುಂದೆ ಇಟ್ಟರು. ಶಿಷ್ಯನ ಭುಜ ಹಿಡಿದು ಅದರಲ್ಲಿ ಕೂರಿಸಿದರು.

ಫಕೀರವ್ವ ಆಗಲೇ ಹೊಳೆಯ ಮೆಟ್ಟಿಲು ಇಳಿಯುತ್ತಿದ್ದಳು. ಅಜ್ಜ ಬಾಗಿಲು ದಾಟುವಾಗ ನಿಜಗುಣ ಹಿಂದಿನಿಂದ ಕೇಳಿದ. ಸಮಾಧಾನಕ್ಕೆ ಒಂದು ಸುಳ್ಳಾದರೂ ಸಾಕಿತ್ತು ಅವನಿಗೆ.

"ಕಸ್ತೂರಿ ಇಲ್ಲಿಗೆ ಫೋನ್ ಮಾಡ್ತಾಳಲ್ರೀ ಅಜ್ಜಾರ?"

"ನಾನೂ ಬ್ಯಾಡ ಅಂದೆ ಅಂತ ತಿಳಕೊಂಡ ಹುಡುಗಿ, ಮಾಡಂಗಿಲ್ಲ," ಅಂದರು ಅಜ್ಜ. "ನೀ ಏಳಬ್ಯಾಡ."